ಗೂಸ್ ಹಂಟಿಂಗ್‌ಗೆ ದುಡ್ಡು ಕಟ್ಟೋ ಮುಂಚೆ ನಮ್ಮನ್ನ ಎಲ್ಲಿ ಅಡಗಿಸ್ತೀಯ ಅಂತ ಗೈಡ್‌ನ ಕೇಳಿ

ಕೆನಡಾದ ಸಸ್ಕಾಚೆವಾನ್, ಆಲ್ಬರ್ಟಾ ಕಡೆ ಇರೋ ನಮ್ಮೋರು ಯಾರಾದ್ರೂ ಈ ಸೀಸನ್‌ಗೆ ಗೂಸ್ ಹಂಟಿಂಗ್ (ಹೆಬ್ಬಾತು ಬೇಟೆ) ಬುಕ್ ಮಾಡೋ ಯೋಚನೆಲಿದ್ರೆ ಮೊದ್ಲು ಇದನ್ನ ಓದಿ. ಹೋದ ಅಕ್ಟೋಬರ್‌ನಲ್ಲಿ ನಾನೂ ನನ್ನ ಫ್ರೆಂಡೂ ತಲಾ 350 ಡಾಲರ್ ಕೊಟ್ಟು, ಬಟಾಣಿ ಕೊಯ್ದ ಹೊಲದಲ್ಲಿ ನಾಲ್ಕು ಗಂಟೆ ಹೆಣದ ಥರ ಅಂಗಾತ ಮಲಗಿದ್ದು ಎದ್ದು ಬಂದ್ವಿ. ಐದು ಜನಕ್ಕೆ ಸೇರಿ ಸಿಕ್ಕಿದ್ದು ಒಂದೇ ಒಂದು ಮಲ್ಲಾರ್ಡ್ ಬಾತು, ಅದೂ ದಾರಿ ತಪ್ಪಿ ಬಂದಿದ್ದು.

ಹಕ್ಕಿ ಇರ್ಲಿಲ್ಲ ಅನ್ನೋ ಹಾಗೇ ಇಲ್ಲ. ಹಿಂದಿನ ಸಂಜೆ ಗೈಡ್ ಕರ್ಕೊಂಡು ಹೋಗಿ ತೋರ್ಸಿದ್ದ, ಹೊಲದ ಮೇಲೆ ಬಿಳಿ ಪಂಚೆ ಹಾಸಿದಂಗೆ ಸ್ನೋ ಗೂಸ್, ಪಕ್ಕದಲ್ಲಿ ಕೆನಡಾ ಗೂಸ್. ಬೆಳಿಗ್ಗೆ ಅವೇ ವಾಪಸ್ ಬಂದ್ವು, ನಮ್ಮ ತಲೆ ಮೇಲೆ ಎರಡು ಸುತ್ತು ಹಾಕಿದ್ವು, ಕೆಳಗಿಳೀತಾ ಇಳೀತಾ ಇನ್ನೇನು ಬಂತು ಅನ್ನೋವಾಗ ಇಡೀ ಹಿಂಡು ಒಮ್ಮೆಲೇ ಮೇಲಕ್ಕೆದ್ದು ಹೋಯ್ತು. ಹೀಗೆ ಎಂಟ್ಹತ್ತು ಸಲ. ಗೈಡ್ ಮಾತ್ರ ಗಾಳಿ ಸರಿ ಇಲ್ಲ ಅಂತ ಕಾಫಿ ಕುಡೀತಾ ಕೂತಿದ್ದ.

ಗಾಳಿ ಸರಿಯಾಗೇ ಇತ್ತು, ಕೆಟ್ಟಿದ್ದು ನಮ್ಮ ಅಡಗುತಾಣ. ಲೇಔಟ್ ಬ್ಲೈಂಡ್ ಅಂತ ಇರುತ್ತೆ, ಒಬ್ಬ ಮಲಗೋಷ್ಟು ಉದ್ದದ ಬಟ್ಟೆ ಗೂಡು, ಮೇಲೆ ಎರಡು ಬಾಗಿಲು, ಹಕ್ಕಿ ಹತ್ರ ಬಂದಾಗ ಬಾಗಿಲು ತಳ್ಳಿ ಎದ್ದು ಕೂತು ಹೊಡೀಬೇಕು. ಇವನ ಬ್ಲೈಂಡ್‌ಗಳು ಹೊಚ್ಚ ಹೊಸವು, ಅಂಗಡಿ ವಾಸನೆ ಇನ್ನೂ ಹೋಗಿರ್ಲಿಲ್ಲ, ಬಿಸಿಲಿಗೆ ಫಳಫಳ ಹೊಳೀತಿದ್ವು. ಗೊತ್ತಿರೋರು ಹೊಸ ಬ್ಲೈಂಡ್ ತಂದ ತಕ್ಷಣ ಕೆಸರು ಕಲಸಿ ಮೈಯೆಲ್ಲ ಬಳಿದು ಒಣಗಿಸಿ ಆಮೇಲೆ ಕೊಡವ್ತಾರಂತೆ, ಆ ಹೊಳಪು ಸಾಯ್ಲಿ ಅಂತ. ಅದಕ್ಕಿಂತ ದೊಡ್ಡ ಎಡವಟ್ಟು ಬ್ಲೈಂಡ್ ಮರೆಮಾಡೋಕೆ ಸಿಗಿಸೋ ಹುಲ್ಲಿನದು. ಬಟಾಣಿನ ನೆಲ ಸವರಿದಂಗೆ ಕೊಯ್ತಾರೆ, ಕೂಳೆ ಬೆರಳೆತ್ತರ ಇದ್ರೆ ಹೆಚ್ಚು, ಬಣ್ಣ ಬೂದು. ಇವನು ಬೇರೆ ಯಾವ್ದೋ ಹೊಲದಿಂದ ಗೋಧಿ ಹುಲ್ಲು ಟ್ರಕ್ಕಲ್ಲಿ ತುಂಬ್ಕೊಂಡು ಬಂದು ಬ್ಲೈಂಡ್‌ಗೆ ಸಿಗಿಸಿದ. ಕತ್ತಲಲ್ಲಿ ಟಾರ್ಚ್ ಬೆಳಕಿಗೆ ಚೆನ್ನಾಗೇ ಕಾಣ್ತು. ಸೂರ್ಯ ಹುಟ್ಟಿದ್ಮೇಲೆ ಮೂತ್ರಕ್ಕೆ ಅಂತ ಎದ್ದು ಅರವತ್ತು ಹೆಜ್ಜೆ ಹೋಗಿ ತಿರುಗಿ ನೋಡ್ತೀನಿ, ಬೂದು ಹೊಲದ ನಡುವೆ ಸಾಲಾಗಿ ಐದು ಹಳದಿ ಬಣವೆ, ಒಂದೊಂದರ ಪಕ್ಕಕ್ಕೂ ಉದ್ದ ಕಪ್ಪು ನೆರಳು! ನಂಗೇ ಕಾಣ್ತಿದೆ, ಮೇಲಿಂದ ನೋಡೋ ಹಕ್ಕಿಗೆ ಕಾಣಲ್ವಾ?

ಸ್ನೋ ಗೂಸ್ ಅಂದ್ರೆ ಸುಮ್ನೆ ಅಲ್ಲ. 20 ವರ್ಷ ದಾಟಿ ಬದುಕಿರೋವು ಇದಾವೆ, ಉತ್ತರದ ಹಿಮದ ನಾಡಿಂದ ಟೆಕ್ಸಾಸ್ ತನಕ ಹೋಗಿ ಬರೋ ದಾರಿ ಉದ್ದಕ್ಕೂ ಗುಂಡು ಹಾರಿಸ್ತಾರೆ, ಅದನ್ನೆಲ್ಲ ತಪ್ಪಿಸ್ಕೊಂಡು ಬಂದ ಮುದಿ ಹಕ್ಕಿ ಹಿಂಡಲ್ಲಿ ಇದ್ದೇ ಇರುತ್ತೆ. (ನಾನು ಗದಗ ಕಡೆಯೋನು, ಶಿರಹಟ್ಟಿ ಹತ್ರ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬರೋದು ನೋಡಿ ಬೆಳೆದೋನು. ಅಲ್ಲಿ ಬೇಟೆ ಆಡೋ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ, ಜನ ದಡದಲ್ಲಿ ನಿಂತು ನೋಡ್ತಾರೆ ಅಷ್ಟೇ. ಇಲ್ಲೂ ಹಕ್ಕಿ ಜನರಿಗೆ ಅಷ್ಟೊಂದು ಹೆದರಲ್ಲ ಅಂದ್ಕೊಂಡಿದ್ದು ನನ್ನ ದಡ್ಡತನ.)

ನಮ್ಮ ತಪ್ಪೂ ಇತ್ತು, ಮುಚ್ಚಿಡಲ್ಲ. ಹಿಂಡು ಸುತ್ತು ಹಾಕುವಾಗ ನಾನು ಮುಖ ಎತ್ತಿ ನೋಡ್ತಿದ್ದೆ, ಮಾಸ್ಕ್ ಇಲ್ಲದ ಮುಖ ಮೇಲಿಂದ ತಟ್ಟೆ ಇಟ್ಟಂಗೆ ಕಾಣುತ್ತಂತೆ. ಫ್ರೆಂಡ್ ಅಂತೂ ವಿಡಿಯೋ ಮಾಡೋಕೆ ಅಂತ ಫೋನ್ ಹಿಡ್ಕೊಂಡು ಧಡಕ್ಕನೆ ಎದ್ದು ಕೂತ, ಅದೇ ಹೊತ್ತಿಗೆ ಪಕ್ಕದ ಬ್ಲೈಂಡಿನವನು ಬಾತು ಹಿಂದೆ ಬಂದೂಕು ತಿರುಗಿಸ್ತಿದ್ದ. ಅವನು ಕೊನೇ ಕ್ಷಣದಲ್ಲಿ ನಳಿಗೆ ಮೇಲೆತ್ತಿದ್ದಕ್ಕೆ ಬಚಾವ್. ಯಾರು ಯಾವ ಕಡೆ ಮಾತ್ರ ಹೊಡೀಬೇಕು, ಯಾರು ಕೂಗಿದ್ಮೇಲೆ ಏಳ್ಬೇಕು ಅಂತ ಗೈಡ್ ಒಂದು ಮಾತೂ ಹೇಳಿರ್ಲಿಲ್ಲ. ಇದು ನೆನೆಸ್ಕೊಂಡ್ರೆ ಈಗ್ಲೂ ಕೈ ನಡುಗುತ್ತೆ, ದುಡ್ಡು ಹೋಗಿದ್ದು ಇದರ ಮುಂದೆ ಏನೂ ಅಲ್ಲ.

ದುಡ್ಡು ವಾಪಸ್ ಕೇಳಿದ್ರೆ ಹಕ್ಕಿಗೆ ಗ್ಯಾರಂಟಿ ಇಲ್ಲ ಅಂದ. ಸರಿನಪ್ಪ, ಹಕ್ಕಿ ನಿನ್ನ ಕೈಲಿಲ್ಲ, ಹುಲ್ಲು ಯಾವ ಬಣ್ಣದ್ದು ಅನ್ನೋದಾದ್ರೂ ನಿನ್ನ ಕೈಲಿತ್ತಲ್ಲ? ಆಮೇಲೆ ವಿಚಾರಿಸಿದ್ರೆ ಅವನ ಹತ್ರ ಔಟ್‌ಫಿಟರ್ (ದುಡ್ಡು ತಗೊಂಡು ಬೇಟೆ ಏರ್ಪಡಿಸೋನು) ಲೈಸೆನ್ಸೇ ಇಲ್ಲ, ಅದನ್ನ ನಾವು ಮೊದ್ಲೇ ಕೇಳ್ಬೇಕಿತ್ತು. ನೀವು ಬುಕ್ ಮಾಡೋ ಮುಂಚೆ ಲೈಸೆನ್ಸ್ ನಂಬರ್ ಕೇಳಿ, ಜೊತೆಗೆ ಐವತ್ತು ಹೆಜ್ಜೆ ದೂರದಿಂದ ತೆಗೆದ ಬ್ಲೈಂಡ್ ಫೋಟೋ ಕೇಳಿ. ಸತ್ತ ಹಕ್ಕಿ ರಾಶಿ ಹಾಕಿರೋ ಫೋಟೋ ಎಲ್ಲರ ಹತ್ರನೂ ಇರುತ್ತೆ.

ಎರಡು ವಾರ ಬಿಟ್ಟು ನಾವೇ ಹೋದ್ವಿ. ಪರಿಚಯದ ರೈತನ ಪರ್ಮಿಷನ್ ತಗೊಂಡು (2022ರಿಂದ ಸಸ್ಕಾಚೆವಾನ್‌ನಲ್ಲಿ ಕೇಳದೆ ಯಾರ ಹೊಲಕ್ಕೂ ಬೇಟೆಗೆ ಕಾಲಿಡೋ ಹಾಗಿಲ್ಲ), ಹೊಲದ ನಡುವೆ ಹೋಗದೆ ಬೇಲಿ ಸಾಲಲ್ಲಿ ಬೆಳೆದಿದ್ದ ಕಳೆ ಒಳಗೇ ಕೂತು, ಅಲ್ಲಿನ ಕಳೆನೇ ಕೊಯ್ದು ಮುಂದೆ ಕಟ್ಕೊಂಡ್ವಿ, ಸೂರ್ಯ ಬೆನ್ನಿಗೆ. ಖಾಲಿ ತೋಟಾ ಬಿದ್ದಲ್ಲೇ ಆರಿಸಿ ಜೇಬಿಗೆ, ಫೋನ್ ಕಾರಲ್ಲಿ. ಆರು ಕೆನಡಾ ಗೂಸ್ ಸಿಕ್ತು. ಮನೆಗೆ ಬಂದು ಪುಕ್ಕ ಕೀಳೋದ್ರಲ್ಲಿ ರಾತ್ರಿ ಹನ್ನೊಂದಾಯ್ತು, ಹೆಂಡತಿ ಬೈದಿದ್ದು ಬೇರೆ ಕತೆ.