ಬುಡಾಪೆಸ್ಟಿನ ಬಿಸಿನೀರು: ಸೇಚೆನಿ, ರುದಾಶ್, ಲುಕಾಚ್ ಈ ಮೂರರಲ್ಲಿ ಯಾವುದು?

ಬುಡಾಪೆಸ್ಟಿಗೆ ಹೊರಟವರು ಪಾರ್ಲಿಮೆಂಟ್ ಭವನ, ಚೈನ್ ಸೇತುವೆ, ಬುಡಾ ಕೋಟೆ ಎಂದು ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ತಾವೇ ಮಾಡಿಕೊಂಡಿರುತ್ತಾರೆ. ಅವರು ತೀರ್ಮಾನಿಸಲಾಗದೆ ಕೇಳುವುದು ಒಂದೇ ಪ್ರಶ್ನೆ: ಇರುವ ಅಲ್ಪ ಸಮಯದಲ್ಲಿ ಯಾವ ಸ್ನಾನಗೃಹಕ್ಕೆ ಹೋಗಬೇಕು? ಈ ನಗರವನ್ನು ನಾನು ಇಷ್ಟಪಡಲು ಮುಖ್ಯ ಕಾರಣವೇ ಅದರ ನೀರಾದ್ದರಿಂದ, ಬೇರೆ ಬೇರೆ ಋತುಗಳಲ್ಲಿ ಮಿಂದು ಕಂಡದ್ದನ್ನು ಇಲ್ಲಿ ಹೋಲಿಸಿ ಬರೆಯುತ್ತಿದ್ದೇನೆ.

ಮೊದಲು ನೀರಿನ ಮೂಲವನ್ನು ಹೇಳಬೇಕು. ಡ್ಯಾನ್ಯೂಬ್ ನದಿಯ ಪಶ್ಚಿಮಕ್ಕಿರುವ ಬುಡಾ ಗುಡ್ಡಗಳ ಸುಣ್ಣಕಲ್ಲಿನಲ್ಲಿ ಇಂಗಿದ ಮಳೆನೀರು ಭೂಮಿಯ ಆಳಕ್ಕೆ ಇಳಿದು ಕಾಯುತ್ತದೆ. ಗುಡ್ಡ ಮುಗಿದು ಪೂರ್ವ ದಡದ ಪೆಸ್ಟ್‌ನ ಬಯಲು ಶುರುವಾಗುವ ಕಡೆ, ಅಂದರೆ ನದಿಯ ಅಂಚಿನಲ್ಲಿಯೇ, ಬಂಡೆಯ ಬಿರುಕುಗಳಿಂದ ಬುಗ್ಗೆಯಾಗಿ ಮೇಲೇಳುತ್ತದೆ. ಆದ್ದರಿಂದಲೇ ಹಳೆಯ ಸ್ನಾನಗೃಹಗಳೆಲ್ಲ ಬುಡಾ ದಡದಲ್ಲಿವೆ. ಅವುಗಳಲ್ಲಿ ಹೆಸರಾಂತ ಗೆಲ್ಲೇರ್ಟ್ 2025ರ ಅಕ್ಟೋಬರ್‌ನಲ್ಲಿ ನವೀಕರಣಕ್ಕಾಗಿ ಮುಚ್ಚಿದ್ದರಿಂದ ಅದನ್ನು ಈ ಹೋಲಿಕೆಯಿಂದ ಬಿಟ್ಟಿದ್ದೇನೆ.

ಸೇಚೆನಿ ಇರುವುದು ಪೆಸ್ಟ್ ಬದಿಯ ನಗರೋದ್ಯಾನದಲ್ಲಿ. 1896ರಲ್ಲಿ ಆರಂಭವಾದ ಪುಟ್ಟ ಹಳದಿ ಮೆಟ್ರೊ ಅದರ ಬಾಗಿಲ ಬಳಿಗೇ ಕರೆದೊಯ್ಯುತ್ತದೆ. ಇಲ್ಲಿ ಸಹಜ ಬುಗ್ಗೆಯಿಲ್ಲ. 1938ರಲ್ಲಿ ಕೊರೆದ, 1,246 ಮೀಟರ್ ಆಳದ ಬಾವಿಯಿಂದ ಸುಮಾರು 77 ಡಿಗ್ರಿ ಬಿಸಿಯ ನೀರು ಬರುತ್ತದೆ. 1913ರಲ್ಲಿ ತೆರೆದ ಈ ಕಟ್ಟಡದಲ್ಲಿ ಹದಿನೆಂಟು ಕೊಳಗಳಿದ್ದರೂ, ಜನ ಬರುವುದು ಅಂಗಳದ ಮೂರು ಬಯಲು ಕೊಳಗಳಿಗಾಗಿ. ಎದೆಮಟ್ಟದ ನೀರಿನಲ್ಲಿ ನಿಂತು ಚದುರಂಗ ಆಡುವ ಹಿರಿಯರನ್ನು ಚಿತ್ರಗಳಲ್ಲಿ ನೋಡಿದವರು ಅವರನ್ನು ನಿಜವಾಗಿಯೂ ಇಲ್ಲಿ ಕಾಣಬಹುದು. ಜನವರಿಯ ಬೆಳಿಗ್ಗೆ ಹಬೆಯಿಂದಾಗಿ ಎದುರಿನ ಹಳದಿ ಗೋಡೆಯೇ ಮಸುಕಾಗಿರುವಾಗ, ತಲೆಗೂದಲಿನ ಮೇಲೆ ಹಿಮ ಬೀಳುತ್ತಿದ್ದರೂ ಕತ್ತಿನ ಕೆಳಗೆ ಚಳಿಯ ಸುಳಿವೇ ಇಲ್ಲದ ಆ ಅನುಭವವನ್ನು ಉಳಿದೆರಡು ಕಡೆ ಇಷ್ಟು ವಿಶಾಲವಾಗಿ ಪಡೆಯಲಾಗದು. ಆದರೆ ಬೇಸಿಗೆಯ ಮಧ್ಯಾಹ್ನ ಇಲ್ಲಿಗೆ ಬರುವುದನ್ನು ನಾನು ಯಾರಿಗೂ ಸೂಚಿಸಲಾರೆ. ಹೊರಗಿನ ಬಿಸಿಲೂ ಕೊಳದ ನೀರೂ ಒಂದೇ ಶಾಖದಲ್ಲಿದ್ದಾಗ ಸ್ನಾನದ ಸುಖ ಅರ್ಧಕ್ಕಿಳಿಯುತ್ತದೆ. ಉಳಿದರ್ಧವನ್ನು ಜನಸಂದಣಿ ತೆಗೆದುಬಿಡುತ್ತದೆ.

ರುದಾಶ್ ಪೂರ್ತಿ ಬೇರೆಯ ಲೋಕ. ಗೆಲ್ಲೇರ್ಟ್ ಗುಡ್ಡದ ಬುಡದಲ್ಲಿ, ಎಲಿಜಬೆತ್ ಸೇತುವೆಯ ಪಕ್ಕದಲ್ಲಿರುವ ಇದು ಆಟೊಮನ್ ಆಳ್ವಿಕೆಯ ಹದಿನಾರನೆಯ ಶತಮಾನದ ಕಟ್ಟಡ. ಬುಡಾದ ಪಾಷಾ, ಅಂದರೆ ಆಟೊಮನ್ ಪ್ರಾಂತ್ಯಾಧಿಕಾರಿ, ಆಗಿದ್ದ ಸೊಕೊಲ್ಲು ಮುಸ್ತಫಾ ಇದನ್ನು ಕಟ್ಟಿಸಿದ. ತಗ್ಗಾದ ಬಾಗಿಲು ದಾಟಿದರೆ ಎಂಟು ದಪ್ಪ ಕಂಬಗಳ ಮೇಲೆ ಹತ್ತು ಮೀಟರ್ ಅಗಲದ ಗುಮ್ಮಟ, ಅದರ ಕೆಳಗೆ ಎಂಟು ಮೂಲೆಗಳ ಕೊಳ. ಗುಮ್ಮಟದಲ್ಲಿ ಅಲ್ಲಲ್ಲಿ ಕೊರೆದ ಕಿಂಡಿಗಳಿಗೆ ಬಣ್ಣದ ಗಾಜು ಕೂರಿಸಿದ್ದಾರೆ. ಬಿಸಿಲಿರುವ ದಿನ ಬೆಳಕಿನ ಕೋಲುಗಳು ಹಬೆಯನ್ನು ಸೀಳಿ ಇಳಿದು, ಹೊತ್ತು ಏರಿದಂತೆ ನೀರಿನ ಮೇಲೆ ನಿಧಾನವಾಗಿ ಜಾಗ ಬದಲಿಸುತ್ತವೆ. ನಡುವಿನ ಕೊಳದ ಶಾಖ 36 ಡಿಗ್ರಿ. ಸುತ್ತಲಿನ ನಾಲ್ಕು ಮೂಲೆಗಳ ಚಿಕ್ಕ ಕೊಳಗಳಲ್ಲಿ 28, 30, 33 ಮತ್ತು 42. ದೀಪಾವಳಿಯ ಎಣ್ಣೆಸ್ನಾನಕ್ಕೆ ಹಂಡೆಯಿಂದ ತೋಡಿದ ನೀರು ಮೊದಲ ತಂಬಿಗೆಗೆ ಮೈಯನ್ನು ಹೇಗೆ ಬೆಚ್ಚಿಸುತ್ತದೆಯೋ, 42ರ ಕೊಳಕ್ಕೆ ಕಾಲಿಟ್ಟಾಗ ಅದೇ ಬಗೆಯ ಚುರುಕು ತಟ್ಟುತ್ತದೆ. ಅಲ್ಲಿ ಕೆಲವು ನಿಮಿಷ ಕುಳಿತು, ತಣ್ಣೀರಿನಲ್ಲಿ ಮುಳುಗಿ, ಮತ್ತೆ 36ಕ್ಕೆ ಮರಳಿದಾಗ ಸೊಂಟ, ಹೆಗಲುಗಳ ಬಿಗಿತವೆಲ್ಲ ಸಡಿಲವಾಗುತ್ತದೆ. ಕಲ್ಲಿನ ಗೋಡೆಗೆ ತಾಗಿ ಮಾತು ಗುಂಯ್‌ಗುಡುವುದರಿಂದ ಎಲ್ಲರೂ ದನಿ ತಗ್ಗಿಸಿಯೇ ಮಾತನಾಡುತ್ತಾರೆ, ಹೆಚ್ಚಿನವರು ಮಾತನಾಡುವುದೇ ಇಲ್ಲ. ನನ್ನ ಮಟ್ಟಿಗೆ ರುದಾಶ್ ಉಳಿದೆಲ್ಲವನ್ನೂ ಮೀರಿಸುವುದು ಈ ಮೌನದಿಂದ.

ಇದಕ್ಕೊಂದು ಮಿತಿಯೂ ಇದೆ. ಗುಮ್ಮಟದ ಭಾಗಕ್ಕೆ 2005ರವರೆಗೆ ಗಂಡಸರಿಗಷ್ಟೇ ಪ್ರವೇಶವಿತ್ತು; ಆನಂತರವೂ ನಾನು ಹೋದ ಕಾಲದಲ್ಲಿ ಮಂಗಳವಾರ ಹೆಂಗಸರಿಗೆ, ವಾರಾಂತ್ಯ ಎಲ್ಲರಿಗೂ, ಉಳಿದ ದಿನ ಗಂಡಸರಿಗೆ ಎಂಬ ಕ್ರಮವಿತ್ತು. ದಂಪತಿಗಳಾಗಿ ಹೋಗುವವರು ವಾರಾಂತ್ಯವನ್ನೇ ಆರಿಸಿ, ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರುವುದು ಒಳ್ಳೆಯದು. ಮಹಡಿಯ ಮೇಲಿನ ಬಿಸಿನೀರ ಕೊಳದಿಂದ ನದಿ, ಸೇತುವೆ, ಆಚೆ ದಡದ ಪೆಸ್ಟ್ ಕಾಣುತ್ತವೆ. ಸಂಜೆ ದೀಪ ಹೊತ್ತುವಾಗ ನೋಟ ಸೊಗಸಾಗಿರುತ್ತದೆ ನಿಜ, ಆದರೆ ಆಗ ಕೂರಲು ಜಾಗಕ್ಕೆ ಕಾಯಬೇಕಾಗುತ್ತದೆ.

ರುದಾಶ್ ಮುಂದಿನಿಂದಲೇ 19 ಅಥವಾ 41ನೇ ಟ್ರಾಮ್ ಹತ್ತಿ ನದಿಯ ಅಂಚಿನಲ್ಲಿ ಉತ್ತರಕ್ಕೆ ಹೋದರೆ, ಮಾರ್ಗರೆಟ್ ಸೇತುವೆಯ ಬುಡವನ್ನು ದಾಟಿದೊಡನೆ ಲುಕಾಚ್ ಸಿಗುತ್ತದೆ. ಪ್ರವಾಸಿಗರು ಇದನ್ನು ಕಡೆಗಣಿಸುವುದು ನನಗೆ ಬೇಸರದ ಸಂಗತಿ. ಸೇಚೆನಿಯ ವೈಭವವಾಗಲಿ ರುದಾಶ್‌ನ ಗುಮ್ಮಟವಾಗಲಿ ಇಲ್ಲಿಲ್ಲ; ಒಳಗಿನ ಬಿಸಿನೀರ ಕೊಳಗಳು ಚಿಕ್ಕವು, ಹಾದಿಗಳು ಅಂಕುಡೊಂಕು. ಆದರೆ ಇದು ಊರಿನವರ ಸ್ನಾನಗೃಹ. ಹಂಗೆರಿಯಲ್ಲಿ ಸಂಧಿವಾತ, ಬೆನ್ನುನೋವುಗಳಿಗೆ ವೈದ್ಯರು ಇಂಥ ಸ್ನಾನವನ್ನು ಚೀಟಿಯಲ್ಲಿ ಬರೆದುಕೊಡುತ್ತಾರೆ, ಆರೋಗ್ಯ ವಿಮೆ ಅದರ ವೆಚ್ಚದಲ್ಲಿ ಪಾಲು ಭರಿಸುತ್ತದೆ. ಬೆಳಗಿನ ಹೊತ್ತು ಹಿರಿಯರು ಒಬ್ಬರಿಗೊಬ್ಬರು ನಮಸ್ಕಾರ ಹೇಳುತ್ತ, ಕಂಬಿ ಹಿಡಿದು ಮೆಟ್ಟಿಲಿಳಿದು, ದಿನವೂ ಕೂರುವ ಜಾಗದಲ್ಲಿಯೇ ಕೂರುವುದನ್ನು ಇಲ್ಲಿ ನೋಡಬಹುದು. ಮರಗಳ ನೆರಳಿನ ಅಂಗಳದ ಗೋಡೆಯ ತುಂಬ ಅಮೃತಶಿಲೆಯ ಫಲಕಗಳಿವೆ: ಈ ನೀರಿನಿಂದ ಗುಣವಾದವರು ಕೃತಜ್ಞತೆಯಿಂದ, ಹಲವು ಭಾಷೆಗಳಲ್ಲಿ ಕೆತ್ತಿಸಿ ಹಾಕಿಸಿದವು. ನಾನು ಅವುಗಳ ಮುಂದೆ ಕೊಳದಲ್ಲಿ ಕಳೆದಷ್ಟೇ ಹೊತ್ತು ಕಳೆದಿದ್ದೇನೆ.

ಒಂದೇ ಸ್ನಾನಕ್ಕೆ ಸಮಯವಿದ್ದರೆ ನನ್ನ ಆಯ್ಕೆ ರುದಾಶ್. ಚಳಿಗಾಲದಲ್ಲಿ ಮೊದಲ ಬಾರಿ ಹೋಗುವವರು, ಅದರಲ್ಲೂ ಈಜು ಬಲ್ಲ ಗೆಳೆಯರ ಗುಂಪು, ಸೇಚೆನಿಗೆ ಹೋದರೆ ಸಂತೋಷಪಡುತ್ತಾರೆ. ವಾರವಿಡೀ ಊರಿನಲ್ಲಿ ಉಳಿಯುವವರು ಲುಕಾಚ್‌ಗೆ ಒಂದೆರಡು ಬೆಳಿಗ್ಗೆಗಳನ್ನು ಮೀಸಲಿಡಬೇಕು ಎಂಬುದು ನನ್ನ ಒತ್ತಾಯ. ಮೂರೂ ಕಡೆ ಕೈಗೆ ಕಟ್ಟುವ ಪಟ್ಟಿಯೇ ಲಾಕರಿನ ಬೀಗದ ಕೈ. ಟವೆಲು, ಚಪ್ಪಲಿಗಳನ್ನು ಮನೆಯಿಂದಲೇ ಒಯ್ದರೆ ಹಣ ಉಳಿಯುತ್ತದೆ, ಈಜುಕೊಳಕ್ಕೆ ಇಳಿಯುವುದಾದರೆ ತಲೆಗೆ ಟೋಪಿ ಬೇಕು. ಚಿಕ್ಕ ಮಕ್ಕಳ ಪ್ರವೇಶಕ್ಕೆ ನಿರ್ಬಂಧಗಳಿರುವುದರಿಂದ ಕುಟುಂಬ ಸಮೇತ ಹೋಗುವವರು ಟಿಕೆಟ್ ಕೊಳ್ಳುವ ಮೊದಲೇ ನಿಯಮವನ್ನು ವಿಚಾರಿಸಿಕೊಳ್ಳಬೇಕು.