ಹಾರಂಗಿಯೋ, ಚಿಕ್ಲಿಹೊಳೆಯೋ, ಹೊನ್ನಮ್ಮನ ಕೆರೆಯೋ?

ಕೊಡಗಿನಲ್ಲಿ ಶನಿವಾರ, ಭಾನುವಾರ ಹಕ್ಕಿ ನೋಡಬೇಕು, ನೀರೂ ಇರಬೇಕು, ಕಾಡೂ ಇರಬೇಕು ಅನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಚಿಕ್ಲಿಹೊಳೆ ಜಲಾಶಯ. ಹಾರಂಗಿ ಅದಕ್ಕಿಂತ ಎಷ್ಟೋ ದೊಡ್ಡದು, ಹೆಸರೂ ಜಾಸ್ತಿ. ಆದರೆ ಹಕ್ಕಿ ನೋಡುವವರಿಗೆ ನೀರು ಎಷ್ಟಿದೆ ಅನ್ನುವುದಕ್ಕಿಂತ ದಡ ಹೇಗಿದೆ ಅನ್ನುವುದು ಮುಖ್ಯ. ಮೂರೂ ಕಡೆ ಓಡಾಡಿದ ಮೇಲೆ ನನಗೆ ಗಟ್ಟಿಯಾದ ಮಾತಿದು.

ಹಾರಂಗಿ ಕುಶಾಲನಗರಕ್ಕೆ ಹತ್ತಿರ. ಅಣೆಕಟ್ಟೆಯ ಕಡೆ ಜನ ಜಾಸ್ತಿ, ಹಕ್ಕಿಗೆ ಹಿನ್ನೀರೇ ಸರಿ. ನಾನು ಹೋಗುವುದು ಹೇರೂರು ಕಡೆಗೆ. ಜಲಾಶಯದ ಗರಿಷ್ಠ ಮಟ್ಟ 2859 ಅಡಿ. ಮಳೆಗಾಲದಲ್ಲಿ ಇವತ್ತು ಎಷ್ಟಾಯಿತು ಎಂದು ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ತುಂಬಿದಾಗ ನೋಡಲು ಚೆಂದ, ಹಕ್ಕಿಗೆ ಮಾತ್ರ ಪ್ರಯೋಜನವಿಲ್ಲ. ನೀರು ಹುಲ್ಲಿನ ಮೇಲೆ ಏರಿ ಕೂತಿರುತ್ತದೆ, ಕೆಸರಲ್ಲಿ ಕೆದಕಿ ತಿನ್ನುವ ಹಕ್ಕಿಗಳಿಗೆ ಕಾಲೂರಲು ಜಾಗವೇ ಇರುವುದಿಲ್ಲ. ನಾಲೆಗಳಿಗೆ ನೀರು ಹರಿದು ಮಟ್ಟ ಇಳಿದ ಮೇಲೆ, ಅಂದರೆ ಜನವರಿ ದಾಟಿದ ಮೇಲೆ, ಕೆಸರಿನ ದಡ ತೆರೆದುಕೊಳ್ಳುತ್ತದೆ. ಆಗ ಗದ್ದೆಗೊರವ, ಟಿಟ್ಟಿಭ, ಬೆಳ್ಳಕ್ಕಿ ಎಲ್ಲ ಸಿಗುತ್ತವೆ, ಮೇಲೆ ರೀವ (ಟರ್ನ್) ಹಾರುತ್ತಿರುತ್ತದೆ. ತೊಂದರೆ ದೂರದ್ದು. ನನ್ನ 8x42 ಬೈನಾಕ್ಯುಲರ್‌ನಲ್ಲಿ ನಡುನೀರಿನ ಬಾತುಗಳು ಬರೀ ಚುಕ್ಕೆ. ಬಿಸಿಲೇರಿದರೆ ಆ ಚುಕ್ಕೆಯೂ ನಡುಗುತ್ತದೆ. ಸ್ಪಾಟಿಂಗ್ ಸ್ಕೋಪ್ (ದೂರದ ಹಕ್ಕಿ ನೋಡುವ ದುರ್ಬೀನು), ಟ್ರೈಪಾಡ್ ಇದ್ದವರಿಗೆ ಹಾರಂಗಿ ಹಬ್ಬ. ಇಲ್ಲದವರು ಸುಮ್ನೆ ಕಣ್ಣು ನೋಯಿಸಿಕೊಳ್ಳುತ್ತಾರೆ.

ಚಿಕ್ಲಿಹೊಳೆಯಲ್ಲಿ ಲೆಕ್ಕವೇ ಬೇರೆ. ಕುಶಾಲನಗರದಿಂದ ಸಿದ್ದಾಪುರದ ಕಡೆ ಹೋಗುವಾಗ ಒಳಗೆ ತಿರುಗಬೇಕು. ನೀರು ಅರ್ಧಚಂದ್ರಾಕಾರದ ಕಟ್ಟೆಯ ಮೇಲಿಂದ ಬೀಳುವ ಫೋಟೋ ನೀವೂ ನೋಡಿರುತ್ತೀರಿ. ಆ ಕಟ್ಟೆಯ ಹತ್ತಿರ ಗಲಾಟೆ ಇದ್ದೇ ಇರುತ್ತದೆ. ಅದನ್ನು ಬಿಟ್ಟು ದಡ ಹಿಡಿದು ನಿಧಾನಕ್ಕೆ ನಡೆದರೆ ಒಂದು ಕಡೆ ನೀರು, ಇನ್ನೊಂದು ಕಡೆ ಮೀನುಕೊಲ್ಲಿ ಕಡೆಯ ಕಾಡು. ಇದೇ ಇದರ ಬಲ. ಒಂದೇ ಜಾಗದಲ್ಲಿ ನಿಂತು ಎಡಕ್ಕೆ ನೀರುಕಾಗೆ, ಬಲಕ್ಕೆ ಮಂಗಟ್ಟೆ ನೋಡಬಹುದು. ಇಲ್ಲಿನ ಮಂಗಟ್ಟೆ ಪಶ್ಚಿಮ ಘಟ್ಟದ್ದೇ, ಬೇರೆಲ್ಲೂ ಇಲ್ಲ. ಅದರ ಕರ್ಕಶ ನಗು ಕೇಳಿದರೆ ಹತ್ತಿರದಲ್ಲಿ ಹಣ್ಣು ಬಿಟ್ಟ ಮರ ಹುಡುಕಿ.

ನೀರಲ್ಲಿ ನಿಂತ ಒಣಮರದ ಮೇಲೆ ಹಾವಕ್ಕಿ ಕೂತಿದ್ದನ್ನು ಅಲ್ಲಿ ತುಂಬ ಹೊತ್ತು ನೋಡಿದ್ದೇನೆ. ಮುಳುಗಿ, ಮೀನನ್ನು ಕೊಕ್ಕಿನಿಂದ ಚುಚ್ಚಿಕೊಂಡೇ ಮೇಲೆ ಬಂತು. ಕತ್ತು ಒದರಿ ಮೀನನ್ನು ಕೊಕ್ಕಿನಿಂದ ಬಿಡಿಸಿ, ಮೇಲಕ್ಕೆ ಎಸೆದು, ತಲೆ ಮೊದಲಾಗಿ ನುಂಗಿತು. ಬಾಲ ಮೊದಲಾದರೆ ರೆಕ್ಕೆಮುಳ್ಳು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಎರಡೂ ರೆಕ್ಕೆ ಬಿಡಿಸಿ ಬಿಸಿಲಿಗೆ ಹಿಡಿಯಿತು. ಅದರ ಗರಿ ನೀರು ಹೀರುತ್ತದೆ. ಮುಳುಗಲು ಅದರಿಂದ ಅನುಕೂಲ, ಹಾರಲು ಒಣಗಿಸಲೇಬೇಕು. ಇಷ್ಟನ್ನೂ ಬರೀ ಬೈನಾಕ್ಯುಲರ್‌ನಲ್ಲಿ ಕಂಡೆ. ಹಾರಂಗಿಯಲ್ಲಿ ನನಗೆ ಇದು ಸಿಕ್ಕಿಲ್ಲ.

ಒಂದು ಎಚ್ಚರಿಕೆ. ಇದು ಆನೆ ಓಡಾಡುವ ಜಾಗ. ಬೆಳಕು ಹರಿಯುವ ಮೊದಲೇ ದಡಕ್ಕೆ ಇಳಿಯಬೇಡಿ, ಸಂಜೆ ಕತ್ತಲಾಗುವವರೆಗೆ ಕೂರಲೂಬೇಡಿ. ಊರಿನವರು ‘ಇವತ್ತು ಬೇಡ ಅಣ್ಣ’ ಅಂದರೆ ಮರುಮಾತಿಲ್ಲದೆ ವಾಪಸ್ ಬನ್ನಿ.

ಹೊನ್ನಮ್ಮನ ಕೆರೆ ಸೋಮವಾರಪೇಟೆ ಹತ್ತಿರದ ದೊಡ್ಡಮಳ್ತೆಯಲ್ಲಿದೆ. ಗೌರಿ ಹಬ್ಬಕ್ಕೆ ಬಾಗಿನ ಕೊಡುವ ಕೆರೆ, ಆ ದಿನ ಜಾತ್ರೆಯೇ. ಉಳಿದ ದಿನ ಶಾಂತ. ಹಕ್ಕಿಯ ಬಗೆಗಳು ಚಿಕ್ಲಿಹೊಳೆಯಷ್ಟಿಲ್ಲ, ಆದರೆ ಅಪ್ಪ ಅಮ್ಮನನ್ನೋ ಸಣ್ಣ ಮಕ್ಕಳನ್ನೋ ಕರೆದುಕೊಂಡು ಹೋಗಲು ಮೂರರಲ್ಲಿ ಇದೇ ವಾಸಿ. ಮಿಂಚುಳ್ಳಿ, ಹುಂಡುಕೋಳಿ ಹೊಸಬರಿಗೆ ಧಾರಾಳ ಸಾಕು, ಅಲ್ವಾ?

ತಿಂಗಳು ಯಾವುದು ಅಂದರೆ ನವೆಂಬರ್‌ನಿಂದ ಮಾರ್ಚ್. ವಲಸೆ ಹಕ್ಕಿಗಳು ಇರುತ್ತವೆ, ಜಿಗಣೆ ಕಾಟ ಕಮ್ಮಿ.

ಇನ್ನು ಉಳಿಯುವ ಜಾಗ. ಇದನ್ನು ಜನ ಅಷ್ಟಾಗಿ ಯೋಚಿಸುವುದಿಲ್ಲ, ನನಗೆ ಮಾತ್ರ ಅರ್ಧ ಪ್ರವಾಸವೇ ಇದು. ಮಧ್ಯಾಹ್ನ ಕೆರೆಯಲ್ಲಿ ಹಕ್ಕಿ ಮಂಕಾದಾಗ ನೀವು ಇರುವುದು ಹೋಂಸ್ಟೇಯ ಕಾಫಿ ತೋಟದಲ್ಲಿ. ನೆರಳಿಗೆ ಸಾಲಾಗಿ ಬರೀ ಸಿಲ್ವರ್ (ಸಿಲ್ವರ್ ಓಕ್) ಮರ ನಿಂತ ತೋಟದಲ್ಲೂ ಉಳಿದಿದ್ದೇನೆ, ಅತ್ತಿ, ಬಸರಿ, ಹಲಸು ಉಳಿಸಿಕೊಂಡ ತೋಟದಲ್ಲೂ ಉಳಿದಿದ್ದೇನೆ. ಸಿಲ್ವರ್ ಮರ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಬೆಳೆಗಾರರ ಕಷ್ಟ ಅವರಿಗೇ ಗೊತ್ತು. ಆದರೆ ಹಣ್ಣು ತಿನ್ನುವ ಹಕ್ಕಿಗೆ ಅಲ್ಲಿ ಏನೂ ಇಲ್ಲ. ಅತ್ತಿ ಹಣ್ಣಾದ ತೋಟದಲ್ಲಿ ಕುಟ್ರು, ಪಿಕಳಾರ, ಹಸಿರು ಪಾರಿವಾಳ ಬೆಳಗಿನಿಂದ ಸಂಜೆವರೆಗೆ ಮುತ್ತುತ್ತವೆ. ಕೆಳಗೆ ತರಗೆಲೆಯ ಮೇಲೆ ಚಳಿಗಾಲಕ್ಕೆ ಬಂದ ಕಾಡು ಕುಂಡೆಕುಸ್ಕ (ಫಾರೆಸ್ಟ್ ವ್ಯಾಗ್‌ಟೇಲ್) ಓಡಾಡುತ್ತದೆ. ಬೇರೆ ಕುಂಡೆಕುಸ್ಕಗಳು ಬಾಲವನ್ನು ಮೇಲೆ ಕೆಳಗೆ ಆಡಿಸಿದರೆ, ಇದು ಎಡಕ್ಕೆ ಬಲಕ್ಕೆ ತೂಗುತ್ತದೆ. ಜಗಲಿಯಲ್ಲಿ ಕಾಫಿ ಹಿಡಿದು ಕೂತೇ ಇದನ್ನು ಗುರುತಿಸಬಹುದು.

ಹಾಗಾಗಿ ರೂಮು ಬುಕ್ ಮಾಡುವಾಗ ವೈಫೈ, ಕ್ಯಾಂಪ್‌ಫೈರ್ ಕೇಳುವ ಮೊದಲು ತೋಟದಲ್ಲಿ ನೆರಳಿಗೆ ಯಾವ ಮರ ಇದೆ, ಅತ್ತಿ ಹಣ್ಣಾಗಿದೆಯಾ ಎಂದು ಕೇಳಿ. ಮನೆಯವರು ನಾಲ್ಕು ಮರದ ಹೆಸರು ಹೇಳಿದರೆ ಅಲ್ಲೇ ಅಡ್ವಾನ್ಸ್ ಕೊಟ್ಟುಬಿಡಿ.