ಟ್ಯಾಂಕಿಗೆ ಸೀಹಾರ್ಸ್ ತರುವ ಯೋಚನೆ ಇದ್ದರೆ, ದುಡ್ಡು ಕಳಿಸುವ ಮುಂಚೆ ಇದನ್ನು ಓದಿ

ಮೈಸೂರು, ಮಂಡ್ಯ ಕಡೆ ಮನೆಯಲ್ಲಿ ಮೀನು ಸಾಕುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. "ಫಾರ್ಮ್‌ದು ಸಾರ್, ಜೋಡಿ ಇದೆ, ರಾತ್ರಿ ಬಸ್ಸಿಗೆ ಹಾಕಿ ಕಳಿಸ್ತೀನಿ" ಅಂತ ಯಾರಾದರೂ ವಾಟ್ಸಾಪ್‌ನಲ್ಲಿ ಸೀಹಾರ್ಸ್, ಅಂದರೆ ಕಡಲಕುದುರೆಯ ವಿಡಿಯೋ ಹಾಕಿದರೆ ದಯವಿಟ್ಟು ದುಡ್ಡು ಕಳಿಸಬೇಡಿ. ನಾನು ಕಳಿಸಿದೆ. ಬಂದ ಎರಡೂ ಹದಿಮೂರು ದಿನದೊಳಗೆ ನಮ್ಮ ಕಣ್ಣೆದುರೇ ಸತ್ತವು. ಕೊಂಡಿದ್ದೇ ಅಪರಾಧ ಅನ್ನುವುದು ಆಮೇಲೆ ತಿಳಿಯಿತು.

ಹನ್ನೆರಡು ವರ್ಷದಿಂದ ಸಿಹಿನೀರಿನ ಮೀನು ಸಾಕುತ್ತಿದ್ದೇನೆ. ಏಂಜಲ್ ಮರಿ ಮಾಡಿಸಿದ್ದೇನೆ, ಡಿಸ್ಕಸ್ ಉಳಿಸಿಕೊಂಡಿದ್ದೇನೆ. ಆ ಅನುಭವ ಇದಕ್ಕೂ ಸಾಕಾಗುತ್ತದೆ ಅಂದುಕೊಂಡಿದ್ದೆ. ಸಾಕಾಗಲಿಲ್ಲ. ಸಿಹಿನೀರಿನ ಟ್ಯಾಂಕಿನಲ್ಲಿ ಕಲಿತ ಎಷ್ಟೋ ಸಂಗತಿ ಉಪ್ಪುನೀರಿನಲ್ಲಿ ತಿರುಗುಮುರುಗಾಗುತ್ತವೆ.

ಮೂರಡಿ ಉದ್ದ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಮಾಡಿಸಿದೆ. ಹತ್ತಿರ ಹತ್ತಿರ 190 ಲೀಟರ್. ಕಾವೇರಿ ನೀರನ್ನು ಆರ್‌ಓ ಮಾಡಿ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಮರೈನ್ ಸಾಲ್ಟ್ ಕರಗಿಸಿದೆ. ಹೊಸ ಟ್ಯಾಂಕಿನಲ್ಲಿ, ಮೀನಿನ ಕೊಳೆಯಿಂದ ಹುಟ್ಟುವ ವಿಷವಾದ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅದು ನನಗೆ ಗೊತ್ತಿತ್ತು. ಆದರೆ ಮಾರುವವನು "ಬಾಟಲಿ ಬ್ಯಾಕ್ಟೀರಿಯಾ ಹಾಕಿ ಸಾರ್, ಹತ್ತು ದಿನ ಸಾಕು, ತಡ ಮಾಡಿದ್ರೆ ಜೋಡಿ ಬೇರೆಯವರಿಗೆ ಹೋಗುತ್ತೆ" ಅಂದ. ನಂಬಿದೆ. ಈ ಅವಸರ ಹುಟ್ಟಿಸುವ ಮಾತಿದೆಯಲ್ಲ, ಅದು ಕಿವಿಗೆ ಬಿದ್ದ ಕೂಡಲೇ ಫೋನ್ ಇಟ್ಟುಬಿಡಿ. ಬಿಲ್ ಕೇಳಿದಾಗ "ಬಿಲ್ ಯಾಕೆ ಸಾರ್, ನಂಬಿಕೆ ಮೇಲೆ ನಡೆಯೋ ವ್ಯವಹಾರ" ಅಂದಿದ್ದ. ಅಲ್ಲೇ ನಾನು ನಿಲ್ಲಬೇಕಿತ್ತು.

ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಬಸ್ ಸ್ಟ್ಯಾಂಡಿನಿಂದ ಥರ್ಮೊಕೋಲ್ ಡಬ್ಬ ತಂದೆ. ಒಳಗೆ ಎರಡು ಪ್ಲಾಸ್ಟಿಕ್ ಕವರ್. ಎರಡೂ ಬಾಲದಿಂದ ಒಂದೊಂದು ಹಗ್ಗದ ತುಂಡು ಹಿಡಿದುಕೊಂಡಿದ್ದವು. ರಾತ್ರಿಯಿಡೀ ಆ ಅಲುಗಾಟದಲ್ಲಿ ಬಿಡದೆ ಹಿಡಿದಿದ್ದವೇನೋ. ಮಗಳು ಟ್ಯಾಂಕಿನ ಗಾಜಿಗೆ ಮುಖ ಒತ್ತಿ ಕೂತಳು. ಸಂಜೆ ಜೀವಂತ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿ) ಹಾಕಿದಾಗ ಹೆಣ್ಣು ಮೆಲ್ಲಗೆ ಕತ್ತು ಬಗ್ಗಿಸಿ ಮೂತಿ ಚಾಚಿತು. "ಅಪ್ಪಾ, ಟಿಕ್ ಅಂತು!" ಅಂದಳು. ನಿಜ. ಕಡಲಕುದುರೆ ಬೇಟೆಯನ್ನು ಸರಕ್ಕನೆ ಒಳಗೆಳೆದುಕೊಳ್ಳುವಾಗ ತಲೆಯ ಮೂಳೆಗಳು ಉಜ್ಜಿ ಸದ್ದಾಗುತ್ತದೆ. ಟ್ಯಾಂಕಿನ ಪಕ್ಕ ಕೂತರೆ ನಮ್ಮ ಕಿವಿಗೇ ಕೇಳಿಸುತ್ತದೆ. ಆ ಸದ್ದು ಕೇಳಲು ಮನೆಮಂದಿಯೆಲ್ಲ ಟಿವಿ ಆರಿಸಿದೆವು.

ತೊಂದರೆ ಎಲ್ಲ ಊಟದಲ್ಲೇ ಇತ್ತು. ಕಡಲಕುದುರೆಗೆ ಹಲ್ಲಿಲ್ಲ, ಹೊಟ್ಟೆ ಅನ್ನುವ ಚೀಲವೂ ಇಲ್ಲ. ನುಂಗಿದ್ದು ನೇರ ಕರುಳಿಗೆ ಹೋಗಿ ಬೇಗ ಹೊರಬೀಳುತ್ತದೆ. ಹಾಗಾಗಿ ದಿನಕ್ಕೆ ಎರಡು ಮೂರು ಸಲವಾದರೂ, ಪ್ರತಿದಿನ, ತಪ್ಪದೆ ಕೊಡಬೇಕು. ಅದೂ ಕದಲುವ ಆಹಾರ. ಸಮುದ್ರದಿಂದ ಹಿಡಿದು ತಂದದ್ದಾದರೆ ಸತ್ತ ಸಿಗಡಿಯನ್ನು ಸಾಮಾನ್ಯವಾಗಿ ತಿರುಗಿಯೂ ನೋಡುವುದಿಲ್ಲ. ಫ್ರೀಜ್ ಮಾಡಿದ ಮೈಸಿಸ್ ಸಿಗಡಿ ತಿನ್ನಲು ಕಲಿಸಬಹುದು, ಆದರೆ ಅದಕ್ಕೆ ಸಮಯ ಹಿಡಿಯುತ್ತದೆ, ಅಷ್ಟು ದಿನ ಪ್ರಾಣಿ ಬದುಕಿರಬೇಕು. "ಫ್ರೋಜನ್ ಚೆನ್ನಾಗಿ ತಿನ್ನುತ್ತೆ" ಅಂದಿದ್ದ ಅವನು. ನನ್ನ ಎರಡೂ ಒಂದು ಚೂರೂ ಮುಟ್ಟಲಿಲ್ಲ. ಸಾಕಿದ ಜೋಡಿ ಅಂದದ್ದು ಸುಳ್ಳು ಅನ್ನುವ ಅನುಮಾನ ನನಗೆ ಬಂದದ್ದು ಅಲ್ಲೇ.

ಆರ್ಟೀಮಿಯಾ ಮೊಟ್ಟೆ ತಂದು ಸೋಡಾ ಬಾಟಲಿಯಲ್ಲಿ ಮರಿ ಮಾಡಿಸಿದೆ. ಒಂದು ದಿನ, ಒಂದೂವರೆ ದಿನಕ್ಕೆ ಒಡೆಯುತ್ತವೆ. ಆದರೆ ಆ ಮರಿಗಳು ಧೂಳಿನಷ್ಟು ಸಣ್ಣವು, ದೊಡ್ಡ ಕಡಲಕುದುರೆಗೆ ಏನೇನೂ ಸಾಲವು. ಬೆಳೆಸಿದ ಆರ್ಟೀಮಿಯಾದಲ್ಲೂ ಸತ್ವ ಕಡಿಮೆ. ಕೊಬ್ಬಿನಂಶದ ಪೂರಕ ತಿನ್ನಿಸಿದ ಮೇಲಷ್ಟೇ ಅದು ಊಟವಾಗುತ್ತದೆ, ಇಲ್ಲದಿದ್ದರೆ ಬರೀ ಬಾಯಾಡಿಸಿದ ಹಾಗೆ. ಇದರ ಮೇಲೆ, ಅವನ ಮಾತು ಕೇಳಿ ಅದೇ ಟ್ಯಾಂಕಿಗೆ ಎರಡು ಕ್ಲೌನ್‌ಫಿಶ್ ಬಿಟ್ಟಿದ್ದೆ. ಕಡಲಕುದುರೆ ನಿಧಾನದ ಜೀವ. ನೋಡುತ್ತದೆ, ಯೋಚಿಸುತ್ತದೆ, ಆಮೇಲೆ ಬಾಯಿ ಹಾಕುತ್ತದೆ. ಅಷ್ಟರಲ್ಲಿ ಕ್ಲೌನ್‌ಗಳು ಟ್ಯಾಂಕ್ ಖಾಲಿ ಮಾಡಿರುತ್ತಿದ್ದವು. ನಾಲ್ಕನೇ ದಿನದಿಂದ ಟಿಕ್ ಸದ್ದು ಕಡಿಮೆಯಾಯಿತು.

ಬಿಸಿಲಿನ ವಿಷಯ. ಮೈಸೂರು ತಂಪು ಊರು ಅಂತ ನಾವೇ ಹೇಳಿಕೊಳ್ಳುತ್ತೇವೆ, ಆದರೆ ಏಪ್ರಿಲ್ ಮಧ್ಯಾಹ್ನ ನಮ್ಮ ಹಾಲಿನಲ್ಲಿ ಟ್ಯಾಂಕಿನ ನೀರು 30 ಡಿಗ್ರಿ ಮುಟ್ಟುತ್ತಿತ್ತು. ಇವಕ್ಕೆ ಟ್ಯಾಂಕಿನಲ್ಲಿ 22ರಿಂದ 25 ಒಳ್ಳೆಯದು ಅಂತಾರೆ ಬಲ್ಲವರು. ಕಡಲಲ್ಲೂ ನೀರು ಬೆಚ್ಚಗೇ ಇರುತ್ತದಲ್ಲ ಅಂತ ನಾನೂ ವಾದ ಮಾಡಿದ್ದೆ. ಕಡಲಲ್ಲಿ ಕೊಳೆ ಹರಿದುಹೋಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಬಿಸಿ ಏರಿದರೆ ವಿಬ್ರಿಯೋ ಥರದ ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಸೊರಗಿದ ಪ್ರಾಣಿಗೆ ಅವೇ ಮೃತ್ಯು. ನೀರು ತಂಪು ಮಾಡುವ ಚಿಲ್ಲರ್ ಬೆಲೆ ಇಡೀ ಟ್ಯಾಂಕಿನ ಖರ್ಚಿಗಿಂತ ಹೆಚ್ಚು, ಹಾಗಾಗಿ ಫ್ಯಾನ್ ಕಟ್ಟಿದೆ. ಫ್ಯಾನಿಗೆ ನೀರು ಆರಿ ಮಟ್ಟ ಇಳಿಯಿತು. ಇಳಿದಷ್ಟಕ್ಕೂ ನಾನು ಉಪ್ಪುನೀರು ಸುರಿದೆ. ಆರಿಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಕಬೇಕಾದದ್ದು ಉಪ್ಪಿಲ್ಲದ ಆರ್‌ಓ ನೀರು. ನಾಲ್ಕು ದಿನ ನೀರನ್ನು ಹೆಚ್ಚೆಚ್ಚು ಉಪ್ಪಾಗಿಸುತ್ತಾ ಹೋದೆ. ಟೆಸ್ಟ್ ಕಿಟ್‌ನಲ್ಲಿ ಸೊನ್ನೆ ಇರಬೇಕಾದ ಅಮೋನಿಯಾ 0.5 ತೋರಿಸಿತು.

ಏಳನೇ ದಿನ ಗಂಡಿನ ಮೈಮುಂದಿನ ಮರಿಚೀಲ ಉಬ್ಬಿತು. ಕಡಲಕುದುರೆಯಲ್ಲಿ ಬಸುರಿಯಾಗುವುದು ಗಂಡು. ಹೆಣ್ಣು ಅದರ ಚೀಲದಲ್ಲಿ ಮೊಟ್ಟೆ ಇಡುತ್ತದೆ, ಅದು ಹೊತ್ತು ಮರಿ ಹಾಕುತ್ತದೆ. ಅಮ್ಮನಿಗೆ ಇದನ್ನು ಹೇಳಿದಾಗ ಅವರು ನಂಬದೆ ಕನ್ನಡಕ ಹಾಕಿಕೊಂಡು ಬಂದು ನೋಡಿದರು, ಆಮೇಲೆ "ಪಾಪ, ಬಿಮ್ಮನಸೆ ಕಣೋ, ನೀರು ಅಲ್ಲಾಡಿಸಬೇಡ" ಅಂದರು. ಫೋಟೋ ತೆಗೆದು ಮಾರಿದವನಿಗೆ ಕಳಿಸಿದೆ. "ಕಂಗ್ರಾಟ್ಸ್ ಸಾರ್, ನೂರಾರು ಮರಿ ಬರುತ್ತೆ, ನಾನೇ ವಾಪಸ್ ತಗೋತೀನಿ" ಅಂತ ಉತ್ತರ ಬಂತು.

ಅದು ಬಸಿರಲ್ಲ. ಚೀಲದೊಳಗೆ ಗಾಳಿ ತುಂಬಿಕೊಳ್ಳುವ ಕಾಯಿಲೆ. ಬಸುರಿಯಾದ ಗಂಡು ತನ್ನ ಪಾಡಿಗೆ ಕೆಳಗೆ ಬಾಲ ಸುತ್ತಿಕೊಂಡು ಇರಬಲ್ಲದು. ಗಾಳಿ ತುಂಬಿದ್ದು ಬಾಲ ಬಿಟ್ಟ ಕೂಡಲೇ ಬಿರಡೆಯ ಹಾಗೆ ಮೇಲೆ ತೇಲುತ್ತದೆ. ನಮ್ಮದು ಎರಡು ದಿನ ಪ್ಲಾಸ್ಟಿಕ್ ಗಿಡವನ್ನು ಬಿಗಿಯಾಗಿ ಹಿಡಿದು ಕೆಳಗಿರಲು ಹೆಣಗಾಡಿತು, ಮತ್ತೆ ಮತ್ತೆ ಕೈಸೋತು ಮೇಲೆ ಬಂತು. ಪಶುವೈದ್ಯರೊಬ್ಬರಿಗೆ ಫೋನ್ ಮಾಡಿದೆ. "ಹಸು, ನಾಯಿ ನೋಡ್ತೀನಿ ಕಣಪ್ಪಾ, ಇದನ್ನು ನಾನು ನೋಡೇ ಇಲ್ಲ, ಸುಳ್ಳು ಹೇಳಲಾರೆ" ಅಂದರು. ಆ ಪ್ರಾಮಾಣಿಕತೆಗೆ ನಾನು ಋಣಿ. ಒಂಬತ್ತನೇ ದಿನ ಬೆಳಿಗ್ಗೆ ಗಂಡು ಸತ್ತಿತ್ತು.

ಹೆಣ್ಣು ಇನ್ನೂ ನಾಲ್ಕು ದಿನ ಇತ್ತು. ಕ್ಲೌನ್‌ಗಳನ್ನು ತೆಗೆದೆ, ಪಂಪಿನ ರಭಸ ತಗ್ಗಿಸಿದೆ, ಮೂತಿಯ ಮುಂದೆಯೇ ಪಿಪೆಟ್‌ನಲ್ಲಿ ಆಹಾರ ಬಿಟ್ಟೆ. ನೋಡುತ್ತಿತ್ತು, ಬಾಯಿ ಹಾಕುತ್ತಿರಲಿಲ್ಲ. ಹೊಟ್ಟೆಯ ಭಾಗ ಒಳಕ್ಕೆ ಕುಸಿದು ಮೈಯ ಏಣುಗಳು ಎದ್ದು ಕಾಣುತ್ತಿದ್ದವು. ಮೈಗೆಲ್ಲ ಮೂಳೆಯ ಕವಚ ಇರುವುದರಿಂದ ಕಡಲಕುದುರೆ ಸೊರಗಿದ್ದು ದೂರದಿಂದ ಗೊತ್ತಾಗುವುದಿಲ್ಲ. ಬಣ್ಣ ಹಾಗೇ, ನಿಲುವು ಹಾಗೇ. ಬಂದ ನೆಂಟರು "ಎಷ್ಟು ಚೆನ್ನಾಗಿದೆ" ಅಂತ ಫೋಟೋ ತೆಗೆದುಕೊಂಡು ಹೋದರು, ಅದು ಉಪವಾಸ ಸಾಯುತ್ತಿತ್ತು.

ಕಾನೂನಿನ ವಿಷಯ ಹೇಳಿದ್ದು ನಮ್ಮ ಭಾವ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ, ಅಂದರೆ ಅತಿ ಹೆಚ್ಚು ರಕ್ಷಣೆಯ ಪ್ರಾಣಿಗಳ ಪಟ್ಟಿಗೆ, 2001ರಲ್ಲೇ ಕಡಲಕುದುರೆ ಸೇರಿದೆ. ಹಿಡಿಯುವುದು, ಮಾರುವುದು, ಕೊಳ್ಳುವುದು ಜೈಲು ಶಿಕ್ಷೆಯಾಗಬಹುದಾದ ಅಪರಾಧ. ಕಾಯ್ದೆಯಲ್ಲಿ ಸೆರೆಪ್ರಾಣಿ ಅಂದರೆ ಹಿಡಿದು ತಂದದ್ದಷ್ಟೇ ಅಲ್ಲ, ಸೆರೆಯಲ್ಲಿ ಹುಟ್ಟಿಸಿದ್ದೂ ಸೇರುತ್ತದೆ, ಹಾಗಾಗಿ "ಫಾರ್ಮ್‌ದು" ಅನ್ನುವ ಮಾತು ನಿಮ್ಮನ್ನು ಕಾಯುವುದಿಲ್ಲ. "ಇಂಪೋರ್ಟೆಡ್" ಅಂದರೂ ಅಷ್ಟೇ. ಎಲ್ಲ ಜಾತಿಯ ಕಡಲಕುದುರೆಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೂ 2004ರ ಮೇ ತಿಂಗಳಿಂದ ಸೈಟಿಸ್ ಅನ್ನುವ, ಅಪಾಯದಲ್ಲಿರುವ ಜೀವಿಗಳ ವ್ಯಾಪಾರದ ಬಗ್ಗೆ ದೇಶಗಳು ಮಾಡಿಕೊಂಡ ಒಪ್ಪಂದದ ಕಡಿವಾಣ ಇದೆ, ಕಾಗದಪತ್ರ ಇಲ್ಲದೆ ಗಡಿ ದಾಟುವಂತಿಲ್ಲ. ಹವಳದ ತುಂಡು ಕೊಡ್ತೀನಿ ಅಂದರೂ ಎಚ್ಚರ, ಬಂಡೆ ಕಟ್ಟುವ ಹವಳಗಳೂ ಇದೇ ಕಾಯ್ದೆಯಡಿ ಬರುತ್ತವೆ. ನಮ್ಮ ದೇಶದಲ್ಲಿ ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿಯ ಕಡೆ ಇವು ಟ್ರಾಲರ್ ಬಲೆಗೆ ಬೇರೆ ಮೀನಿನ ಜೊತೆ ಸಿಕ್ಕಿಬೀಳುತ್ತವೆ, ಒಣಗಿಸಿ ಕಳ್ಳಸಾಗಣೆಯೂ ಆಗುತ್ತದೆ.

ಸತ್ತ ಎರಡನ್ನೂ ಒಂದು ಡಬ್ಬದಲ್ಲಿಟ್ಟು, ವಾಟ್ಸಾಪ್ ಮಾತುಕತೆಯ ಪ್ರಿಂಟ್ ಸಮೇತ ಅರಣ್ಯ ಇಲಾಖೆಗೆ ಒಪ್ಪಿಸಿದೆ. ಹೇಳಿಕೆ ಬರೆಸಿಕೊಂಡರು. ವಕೀಲರು ಹೇಳಿರುವುದರಿಂದ ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ. ಮಾರಿದವನ ನಂಬರ್ ಈಗ ಸ್ವಿಚ್ ಆಫ್. ದಯವಿಟ್ಟು ಅವನ ಹೆಸರು ಕೇಳಬೇಡಿ, ಬೇಕಾದವರಿಗೆ ಕೊಟ್ಟಿದ್ದೇನೆ.

ಈಗಾಗಲೇ ಯಾರ ಮನೆಯಲ್ಲಾದರೂ ಇದ್ದರೆ ಬೇರೆಯವರಿಗೆ ಮಾರಿ ಕೈತೊಳೆದುಕೊಳ್ಳಬೇಡಿ, ಕೆರೆಗೋ ಕಾವೇರಿಗೋ ಬಿಡಬೇಡಿ, ಸಿಹಿನೀರಿನಲ್ಲಿ ಅದು ಬದುಕುವುದಿಲ್ಲ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಅವರು ಬರುವವರೆಗೆ ಬೇರೆ ಮೀನುಗಳನ್ನು ತೆಗೆದಿಡಿ, ಪಂಪಿನ ರಭಸ ಇಳಿಸಿ, ಬಾಲ ಸುತ್ತಲು ಏನಾದರೂ ಇಡಿ, ನೀರನ್ನು ತಂಪಾಗಿರಿಸಿ. ಜೀವಂತ ಸಿಗಡಿ ಹಾಕಿದ ಮೇಲೆ ಎದ್ದುಹೋಗದೆ ಟ್ಯಾಂಕಿನ ಪಕ್ಕ ಸುಮ್ಮನೆ ಕೂತು ಕಿವಿಗೊಡಿ. ಟಿಕ್ ಸದ್ದು ಬರದಿದ್ದರೆ, ಟ್ಯಾಂಕಿನಲ್ಲಿ ಎಷ್ಟೇ ಸಿಗಡಿ ಈಜಾಡುತ್ತಿದ್ದರೂ ಅದು ತಿನ್ನುತ್ತಿಲ್ಲದೇ ಇರಬಹುದು.